ಮಾರಾಟ ತೆರಿಗೆ: ಕೊಡುವವನೇ ಲೆಕ್ಕ ಕಲಿಯಲಿ

ತೆರಿಗೆ ಕಟ್ಟುವವರು ಯಾರು ಎಂದು ಕೊಡಿಗೇನಹಳ್ಳಿಯ ಅಂಗಡಿ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಕೈ ಬೆಂಗಳೂರಿನ ಕಡೆಗೆ ಹೋಗುತ್ತದೆ. ಕಾರ್ಖಾನೆಯ ಯಜಮಾನರು, ದೊಡ್ಡ ವರ್ತಕರು, ತಿಂಗಳ ಸಂಬಳದ ಅಧಿಕಾರಿಗಳು ತೆರಿಗೆದಾರರು. ನಾವು ಕೂಲಿನಾಲಿ ಮಾಡಿಕೊಂಡಿರುವವರು, ನಮಗೆಲ್ಲಿ ಬಂತು ತೆರಿಗೆ ಎಂಬ ಉತ್ತರ ಬರುತ್ತದೆ. ಪಡಿತರದ ಅಕ್ಕಿ, ವೃದ್ಧಾಪ್ಯ ವೇತನ, ಶಾಲೆಯ ಬಿಸಿಯೂಟ ಇವುಗಳ ಮಾತು ಬಂದಾಗಲೆಲ್ಲ ತೆರಿಗೆದಾರರ ಹಣ ಪೋಲಾಗುತ್ತಿದೆಯೆಂದು ಉಳ್ಳವರು ಗೊಣಗುವುದನ್ನು ಕೇಳಿ ಕೇಳಿ, ತಾನು ಯಾರದೋ ಧರ್ಮದಲ್ಲಿ ಬದುಕಿದ್ದೇನೆಂದು ಬಡವನು ನಂಬಿಬಿಟ್ಟಿದ್ದಾನೆ. ಇದು ಶುದ್ಧ ಸುಳ್ಳು. ಐದು ರೂಪಾಯಿ ಕೊಟ್ಟು ಬಿಸ್ಕತ್ತಿನ ಪೊಟ್ಟಣ ಕೊಳ್ಳುವ ಮಗು ಕೂಡ ಸರ್ಕಾರಕ್ಕೆ ತೆರಿಗೆ ಕಟ್ಟಿಯೇ ಅಂಗಡಿಯ ಮೆಟ್ಟಿಲಿಳಿಯುತ್ತದೆ. ಎಷ್ಟು ಕಟ್ಟಿತೆಂಬುದು ಅದಕ್ಕೂ ಗೊತ್ತಿಲ್ಲ, ಅದರ ತಂದೆತಾಯಿಗಳಿಗೂ ಗೊತ್ತಿಲ್ಲ.

ಹಿಂದೆ ಕಂದಾಯ ವಸೂಲಿಗೆ ಶಾನುಭೋಗರು ಬಂದರೆ ಊರಿಗೆಲ್ಲ ತಿಳಿಯುತ್ತಿತ್ತು. ಕಟ್ಟಿದ್ದಕ್ಕೆ ರಸೀತಿ ಸಿಗುತ್ತಿತ್ತು. ಮಳೆ ಹೋದ ವರ್ಷ ಮನ್ನಾ ಮಾಡಿರೆಂದು ಕೇಳಲು ರೈತನಿಗೆ ಬಾಯಿತ್ತು. ಮಾರಾಟ ತೆರಿಗೆ ಹಾಗಲ್ಲ. ಅದು ಸೋಪಿನೊಳಗೆ, ಎಣ್ಣೆಯೊಳಗೆ, ಗೊಬ್ಬರದ ಮೂಟೆಯೊಳಗೆ ಅವಿತು ಕುಳಿತು ಬರುತ್ತದೆ. ಕಾಣದ ತೆರಿಗೆಗೆ ತಕರಾರಿಲ್ಲ. ತಕರಾರಿಲ್ಲದ ತೆರಿಗೆಯೆಂದರೆ ಆಳುವವರಿಗೆ ಬಹಳ ಪ್ರೀತಿ. ಆದ್ದರಿಂದ ಈ ವಾರ ನಮ್ಮ ವಾಚಕರೊಡನೆ ಒಂದಿಷ್ಟು ಲೆಕ್ಕ ಮಾಡಬೇಕೆಂದಿದ್ದೇವೆ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ನಮ್ಮ ಗಡಿ ಸೀಮೆಗೆ ಈ ತೆರಿಗೆಯ ಪರಿಚಯ ಹಳೆಯದು. ಮದರಾಸು ಪ್ರಾಂತ್ಯದ ಆಡಳಿತ ರಾಜಾಜಿಯವರ ಕೈಯಲ್ಲಿದ್ದಾಗ, ಪಾನನಿರೋಧದಿಂದ ಬೊಕ್ಕಸಕ್ಕಾದ ನಷ್ಟ ತುಂಬಿಕೊಳ್ಳಲೆಂದು 1939ರಲ್ಲಿ ಎಲ್ಲ ಸರಕಿನ ಮೇಲೂ ಮಾರಾಟ ತೆರಿಗೆ ಹಾಕಿದರು. ಹಿಂದೂಪುರ ಆಗ ಮದರಾಸಿಗೆ ಸೇರಿದ್ದರಿಂದ ಗಡಿಯಾಚೆ ತೆರಿಗೆ ಬಂದಿತ್ತು, ಈಚೆ ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ. ಮೈಸೂರಿನ ಮಾರಾಟ ತೆರಿಗೆ ಕಾನೂನು ಬಂದದ್ದು 1948ರಲ್ಲಿ. ಕನ್ನಡ ನಾಡು ಒಂದಾದ ಮೇಲೆ 1957ರಲ್ಲಿ ಹೊಸ ಕಾನೂನಾಯಿತು. 2005ರ ಏಪ್ರಿಲ್ 1ರಂದು ಅದು ಮೌಲ್ಯವರ್ಧಿತ ತೆರಿಗೆಯೆಂಬ ಹೆಸರು ತಾಳಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಅಂದರೆ ಎಲ್ಲರ ಬಾಯಲ್ಲಿರುವ ಜಿ.ಎಸ್.ಟಿ., ದೇಶಕ್ಕೆಲ್ಲ ಬಂದಿತು. ಹೆಸರು ಎರಡು ಸಲ ಬದಲಾದರೂ ಕೊಡುವ ಕೈ ಬದಲಾಗಲಿಲ್ಲ.

ಈ ಕೈ ಯಾರದು ಎಂಬುದನ್ನು ಮೊದಲು ನೋಡೋಣ. ಬಟ್ಟೆ ತೊಳೆಯುವ ಪುಡಿಯ ಮೇಲಿನ ತೆರಿಗೆ ಶೇಕಡ 18. ಕಾರ್ಖಾನೆಯವನು ಅದನ್ನು 100 ರೂಪಾಯಿಗೆ ಸಗಟು ವರ್ತಕನಿಗೆ ಮಾರಿದನೆನ್ನಿ. ಮೇಲೆ 18 ರೂಪಾಯಿ ತೆರಿಗೆ ವಸೂಲು ಮಾಡಿ ಸರ್ಕಾರಕ್ಕೆ ಕಟ್ಟುತ್ತಾನೆ. ಸಗಟು ವರ್ತಕ ಹತ್ತು ರೂಪಾಯಿ ಲಾಭ ಇಟ್ಟು 110ಕ್ಕೆ ಅಂಗಡಿಯವನಿಗೆ ಮಾರಿದರೆ ತೆರಿಗೆ 19 ರೂಪಾಯಿ 80 ಪೈಸೆ. ಆದರೆ ತಾನು ಕೊಟ್ಟ 18 ರೂಪಾಯಿಯನ್ನು ಅದರಲ್ಲಿ ಮುರಿದುಕೊಂಡು ಅವನು ಕಟ್ಟುವುದು 1 ರೂಪಾಯಿ 80 ಪೈಸೆ. ಅಂಗಡಿಯವನು 120ಕ್ಕೆ ಮಾರುವಾಗ ತೆರಿಗೆ 21 ರೂಪಾಯಿ 60 ಪೈಸೆ. ಅವನೂ ತಾನು ಕೊಟ್ಟ 19.80ನ್ನು ಮುರಿದುಕೊಂಡು 1.80 ಕಟ್ಟುತ್ತಾನೆ. ಮೂವರೂ ಕಟ್ಟಿದ್ದನ್ನು ಕೂಡಿಸಿ: 18, 1.80, 1.80. ಒಟ್ಟು 21 ರೂಪಾಯಿ 60 ಪೈಸೆ. ಈಗ ಆ ಪುಡಿಗೆ 141 ರೂಪಾಯಿ 60 ಪೈಸೆ ಎಣಿಸಿಕೊಟ್ಟ ಗಿರಾಕಿಯನ್ನು ನೋಡಿ. ಮೇಲಿನ ಮೂವರು ತಾವು ಕೊಟ್ಟಿದ್ದನ್ನು ಮುಂದಿನವನಿಂದ ಪಡೆದುಕೊಂಡರು. ಇವನ ಮುಂದೆ ಯಾರೂ ಇಲ್ಲ. ಕಾರ್ಖಾನೆಯವನು, ಸಗಟುದಾರ, ಅಂಗಡಿಯವನು ತೆರಿಗೆಯನ್ನು ಹೊತ್ತು ಮುಟ್ಟಿಸುವ ಹಮಾಲರು ಮಾತ್ರ. ತೆರಿಗೆದಾರ ಎಂಬ ಹೆಸರಿಗೆ ನಿಜವಾಗಿ ಹಕ್ಕುಳ್ಳವನು ಈ ಕೊನೆಯವನು.

ನಮ್ಮೂರ ಪೆಟ್ಟಿಗೆ ಅಂಗಡಿಯವನು ಜಿ.ಎಸ್.ಟಿ. ನೋಂದಣಿ ಮಾಡಿಸಿಲ್ಲ, ಬಿಲ್ಲು ಕೊಡುವುದಿಲ್ಲ, ಆದ್ದರಿಂದ ಅಲ್ಲಿ ತೆರಿಗೆ ಬೀಳುವುದಿಲ್ಲವೆಂದು ಕೆಲವರು ತಿಳಿದಿದ್ದಾರೆ. ಅವನು ಮಧುಗಿರಿಯ ಸಗಟು ಅಂಗಡಿಯಲ್ಲಿ ತೆರಿಗೆ ಕೊಟ್ಟೇ ಸರಕು ತಂದಿರುತ್ತಾನೆ, ಅದನ್ನು ಮುರಿದುಕೊಳ್ಳುವ ದಾರಿ ಅವನಿಗಿಲ್ಲ, ಹಾಗಾಗಿ ಅದನ್ನು ಬೆಲೆಯಲ್ಲಿ ಸೇರಿಸಿಯೇ ಮಾರುತ್ತಾನೆ. ಬಿಲ್ಲು ತಪ್ಪಬಹುದು, ತೆರಿಗೆ ತಪ್ಪದು.

ಇನ್ನು ಲೆಕ್ಕ. ಬಿಲ್ಲಿನಲ್ಲಿ ಬೆಲೆ ಬೇರೆ, ತೆರಿಗೆ ಬೇರೆ ಬರೆದಿದ್ದರೆ ಅದು ಪ್ರಾಥಮಿಕ ಶಾಲೆಯ ಶೇಕಡಾವಾರು ಲೆಕ್ಕ. 400 ರೂಪಾಯಿ ಸರಕಿಗೆ ಶೇಕಡ 5ರಂತೆ 20 ರೂಪಾಯಿ. ಬಿಲ್ಲಿನ ಕೆಳಗೆ ಅದೇ 20 ರೂಪಾಯಿ ಎರಡು ಸಾಲಾಗಿ ಒಡೆದಿರುತ್ತದೆ: ಕೇಂದ್ರದ ಪಾಲು ಎರಡೂವರೆ, ರಾಜ್ಯದ ಪಾಲು ಎರಡೂವರೆ, ಅಂದರೆ ಹತ್ತು ಹತ್ತು ರೂಪಾಯಿ. ಎರಡು ತೆರಿಗೆ ಹಾಕಿದ್ದಾರೆಂದು ಅಂಗಡಿಯವನ ಮೇಲೆ ರೇಗುವುದು ಬೇಡ. ಒಂದೇ ತೆರಿಗೆಯ ಎರಡು ಹೋಳು ಅವು.

ತೊಡಕು ಬರುವುದು ತೆರಿಗೆ ಬೆಲೆಯೊಳಗೇ ಸೇರಿದ್ದಾಗ. ಪೊಟ್ಟಣದ ಮೇಲೆ ಅಚ್ಚು ಹಾಕಿದ ಗರಿಷ್ಠ ಚಿಲ್ಲರೆ ಬೆಲೆ, ನಾವೆಲ್ಲ ಎಂ.ಆರ್.ಪಿ. ಎನ್ನುವುದು, ಎಲ್ಲ ತೆರಿಗೆಗಳೂ ಸೇರಿದ ಬೆಲೆ. 118 ರೂಪಾಯಿ ಎಂದು ಬರೆದ ಪುಡಿಯಲ್ಲಿ ತೆರಿಗೆ ಎಷ್ಟು? 118ಕ್ಕೆ ಶೇಕಡ 18 ಕಟ್ಟಿ 21 ರೂಪಾಯಿ 24 ಪೈಸೆ ಎಂದು ಹೇಳುವವರು ಓದಿದವರಲ್ಲೂ ಇದ್ದಾರೆ. ಅದು ತಪ್ಪು. ತೆರಿಗೆ ಹಾಕಿರುವುದು ಮೂಲ ಬೆಲೆಯ ಮೇಲೆ. ಮೂಲ ಬೆಲೆ 100 ಇದ್ದರೆ ಮಾರುವ ಬೆಲೆ 118. ಆದ್ದರಿಂದ 118ರಲ್ಲಿ ತೆರಿಗೆ 18. ಇದನ್ನೇ ತ್ರೈರಾಶಿಯಲ್ಲಿ ಹಾಕಿದರೆ ಯಾವ ಬೆಲೆಗಾದರೂ ಉತ್ತರ ಸಿಗುತ್ತದೆ: ಕೊಟ್ಟ ಹಣವನ್ನು 18ರಿಂದ ಗುಣಿಸಿ 118ರಿಂದ ಭಾಗಿಸುವುದು. ಶೇಕಡ 5ರ ಸರಕಿಗೆ ಇನ್ನೂ ಸುಲಭ. 5ರಿಂದ ಗುಣಿಸಿ 105ರಿಂದ ಭಾಗಿಸುವುದೂ ಒಂದೇ, 21ರಿಂದ ಭಾಗಿಸುವುದೂ ಒಂದೇ. 105 ರೂಪಾಯಿಯ ಚಹಾಪುಡಿಯಲ್ಲಿ ತೆರಿಗೆ 5 ರೂಪಾಯಿ. ಇಪ್ಪತ್ತೊಂದರ ಮಗ್ಗಿ ಬಲ್ಲ ಹುಡುಗಿ ಅಂಗಡಿಯ ಮುಂದೆ ನಿಂತು ಬಾಯಲ್ಲೇ ಹೇಳಬಲ್ಲಳು.

2025ರ ಸೆಪ್ಟೆಂಬರ್ 22ರಿಂದ ಹಳೆಯ 12 ಮತ್ತು 28ರ ದರಗಳನ್ನು ತೆಗೆದು, ಬಹುತೇಕ ಸರಕನ್ನು 5 ಮತ್ತು 18ರೊಳಗೆ ತಂದರು. ಭೋಗದ ವಸ್ತುಗಳಿಗೆ 40. ಬಿಡಿಯಾಗಿ ತೂಗಿ ಕೊಡುವ ರಾಗಿ, ಅಕ್ಕಿ, ಬೇಳೆಗೆ ತೆರಿಗೆಯಿಲ್ಲ, ಉಪ್ಪಿಗಿಲ್ಲ, ಮಕ್ಕಳ ನೋಟುಬುಕ್ಕು, ಪೆನ್ಸಿಲಿಗೂ ಆ ದಿನದಿಂದ ಇಲ್ಲ. ಅದೇ ಅಕ್ಕಿ, ಅದೇ ರಾಗಿಹಿಟ್ಟನ್ನು ಹೆಸರು ಅಚ್ಚಾದ ಚೀಲದಲ್ಲಿ ತುಂಬಿ ಮಾರಿದರೆ 25 ಕಿಲೋವರೆಗಿನ ಚೀಲಕ್ಕೆ ಶೇಕಡ 5. 2022ರ ಜುಲೈ 18ರಂದು ಈ ನಿಯಮ ಬಂದ ಮೇಲೆ ಅಂಗಡಿಗಳಲ್ಲಿ 26 ಕಿಲೋ ಅಕ್ಕಿ ಚೀಲ ಕಾಣಿಸಿಕೊಂಡಿತು. ಆ ಒಂದು ಕಿಲೋ ಯಾಕೆ ಹೆಚ್ಚಿತೆಂದು ತಿಳಿಯದೆ ಕೊಂಡವರೇ ಹೆಚ್ಚು!

ಈಗ ಒಂದು ಕೂಲಿ ಕುಟುಂಬದ ತಿಂಗಳ ಚೀಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ರಾಗಿ, ಅಕ್ಕಿ, ಬೇಳೆ, ಸೊಪ್ಪು, ತರಕಾರಿ ಬಿಡಿಯಾಗಿ ತಂದರೆಂದು ಬಿಟ್ಟುಬಿಡಿ. ಅಡುಗೆ ಎಣ್ಣೆ 336 ರೂಪಾಯಿ, ಸಕ್ಕರೆ 126, ಚಹಾಪುಡಿ 105, ಮೈಸೋಪು 84, ಹಲ್ಲುಜ್ಜುವ ಪೇಸ್ಟು 63, ಬಿಸ್ಕತ್ತು 42, ಅಡುಗೆ ಅನಿಲದ ಸಿಲಿಂಡರು 840 ಎಂದಿಟ್ಟುಕೊಳ್ಳಿ. ಇವೆಲ್ಲ ಶೇಕಡ 5ರವು. ಒಟ್ಟು 1,596 ರೂಪಾಯಿ. 21ರಿಂದ ಭಾಗಿಸಿದರೆ ತೆರಿಗೆ 76 ರೂಪಾಯಿ. ಬಟ್ಟೆ ತೊಳೆಯುವ ಪುಡಿ 118, ಮನೆಯ ಒಂದು ಫೋನಿಗೆ ರೀಚಾರ್ಜು 299. ಇವೆರಡೂ ಶೇಕಡ 18ರವು. ಪುಡಿಯಲ್ಲಿ 18 ರೂಪಾಯಿ, ಫೋನಿನಲ್ಲಿ 45 ರೂಪಾಯಿ 61 ಪೈಸೆ. ಎಲ್ಲ ಕೂಡಿ ತಿಂಗಳಿಗೆ 139 ರೂಪಾಯಿ 61 ಪೈಸೆ.

ಇದೇನು ಮಹಾ ಎನ್ನುವವರಿದ್ದಾರೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಎಂಟು ಗಂಟೆ ಬಿಸಿಲಲ್ಲಿ ಮಣ್ಣು ಹೊತ್ತ ಹೆಣ್ಣುಮಗಳ ದಿನದಲ್ಲಿ ಮೂರು ಗಂಟೆ ಈ ತೆರಿಗೆಗೇ ಸಂದಿತು. ಬಟ್ಟೆ, ಚಪ್ಪಲಿ, ಔಷಧಿ, ಮನೆ ಕಟ್ಟುವ ಸಿಮೆಂಟು ಇದರಲ್ಲಿ ಸೇರಿಲ್ಲ. ಅದೇ 299ರ ರೀಚಾರ್ಜನ್ನು ತಿಂಗಳಿಗೆ ಎರಡು ಲಕ್ಷ ವರಮಾನವುಳ್ಳವರೂ ಮಾಡಿಸುತ್ತಾರೆ. ಅವರು ಕೊಡುವುದೂ ಅದೇ 45 ರೂಪಾಯಿ 61 ಪೈಸೆ. ಪರೋಕ್ಷ ತೆರಿಗೆಯ ಅನ್ಯಾಯ ಇಷ್ಟರಲ್ಲೇ ಇದೆ. ವಸ್ತುವನ್ನು ನೋಡುತ್ತದೆ, ಕೊಳ್ಳುವವನ ಹೊಟ್ಟೆಯನ್ನು ನೋಡುವುದಿಲ್ಲ. ಇನ್ನೊಂದು ಕಡೆ, 2019ರ ಸೆಪ್ಟೆಂಬರಿನಲ್ಲಿ, ಬೇರೆ ರಿಯಾಯಿತಿಗಳನ್ನು ಬಿಡಲೊಪ್ಪಿದ ಕಂಪೆನಿಗಳ ತೆರಿಗೆಯ ಮೂಲ ದರ ಶೇಕಡ 30ರಿಂದ 22ಕ್ಕೆ ಇಳಿಯಿತು. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ವರಮಾನವಿದ್ದವರು ವರಮಾನ ತೆರಿಗೆ ಕೊಡಬೇಕಾಗಿಲ್ಲ. ಮಧ್ಯಮ ವರ್ಗದವರಿಗೆ ಸಿಕ್ಕ ಈ ಸೌಲಭ್ಯವನ್ನು ಕಂಡು ನಮಗೆ ಹೊಟ್ಟೆಯುರಿಯಿಲ್ಲ. 12 ಲಕ್ಷ ಸಂಪಾದಿಸುವವನು ತೆರಿಗೆ ಕೊಡಲಾರದಷ್ಟು ಬಡವನಾದರೆ, ದಿನಕ್ಕೆ 370 ಸಂಪಾದಿಸುವವಳು ಬಟ್ಟೆ ಒಗೆಯುವ ಪುಡಿಗೆ ಶೇಕಡ 18 ಕೊಡುವಷ್ಟು ಸಾಹುಕಾರಳು ಹೇಗಾದಳೆಂದು ಕೇಳುತ್ತೇವೆ, ಅಷ್ಟೆ.

1963ರಲ್ಲಿ ಡಾಕ್ಟರ್ ಲೋಹಿಯಾರವರು ಲೋಕಸಭೆಯಲ್ಲಿ ದೇಶದ ಕೋಟ್ಯಂತರ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆಂದು ಲೆಕ್ಕ ಒಪ್ಪಿಸಿದಾಗ, ಸರ್ಕಾರದ ಕಡೆಯವರು ಅಲ್ಲ, ಹದಿನೈದಾಣೆ ಎಂದು ವಾದಕ್ಕೆ ನಿಂತರು. ಅಂದಿನ ಚರ್ಚೆಯ ಬಿಸಿ ಭಾಷಣದಿಂದ ಹುಟ್ಟಿದ್ದಲ್ಲ, ಅಂಕಿಗಳಿಂದ ಹುಟ್ಟಿದ್ದು.

ಲೆಕ್ಕ ಬಲ್ಲ ಗಿರಾಕಿಗೆ ಕೂಡಲೇ ಆಗುವ ಪ್ರಯೋಜನಗಳೂ ಇವೆ. ಬಿಸ್ಕತ್ತಿನ ಮೇಲಿನ ತೆರಿಗೆ ಸೆಪ್ಟೆಂಬರ್ 22ರಂದು 18ರಿಂದ 5ಕ್ಕೆ ಇಳಿಯಿತು. 5 ರೂಪಾಯಿ ಪೊಟ್ಟಣದಲ್ಲಿ ಮೊದಲು ತೆರಿಗೆ 76 ಪೈಸೆ, ಮೂಲ ಬೆಲೆ 4 ರೂಪಾಯಿ 24 ಪೈಸೆ. ಅದೇ ಮೂಲ ಬೆಲೆಗೆ ಶೇಕಡ 5 ಕೂಡಿಸಿದರೆ 4 ರೂಪಾಯಿ 45 ಪೈಸೆ ಆಗುತ್ತದೆ. 45 ಪೈಸೆ ಚಿಲ್ಲರೆ ಯಾರ ಬಳಿಯೂ ಇಲ್ಲದ್ದರಿಂದ ಬೆಲೆ ಇಳಿಸದೆ ತೂಕ ಹೆಚ್ಚಿಸುತ್ತೇವೆಂದರೆ ಆಗಲಿ; ಆಗ 50 ಗ್ರಾಂ ಇದ್ದ ಪೊಟ್ಟಣ 56 ಗ್ರಾಂ ಆಗಬೇಕು. ಆಗದಿದ್ದರೆ ಸರ್ಕಾರ ಬಿಟ್ಟುಕೊಟ್ಟ ಹಣ ಗಿರಾಕಿಗೆ ಬರದೆ ಕಂಪೆನಿಯ ತಿಜೋರಿ ಸೇರಿತೆಂದು ಅರ್ಥ. ತೆರಿಗೆ ಇಳಿದರೂ ಬೆಲೆ ಇಳಿಸದವರ ಮೇಲೆ ದೂರು ಕೇಳಲು ಜಿ.ಎಸ್.ಟಿ. ಕಾನೂನಿನಲ್ಲೇ ಒಂದು ವ್ಯವಸ್ಥೆಯಿತ್ತು. 2025ರ ಏಪ್ರಿಲ್ 1ರಿಂದ ಹೊಸ ದೂರು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಅದಾಗಿ ಆರು ತಿಂಗಳಾಗುವುದರೊಳಗೆ ದರ ಇಳಿಸಿದರು. ಮೊದಲು ಕಾವಲುಗಾರನನ್ನು ಮನೆಗೆ ಕಳಿಸಿ ಆಮೇಲೆ ಕಣಜದ ಬಾಗಿಲು ತೆಗೆದಂತಾಯಿತು. ಈಗ ಉಳಿದಿರುವುದು ರಾಷ್ಟ್ರೀಯ ಗ್ರಾಹಕರ ಸಹಾಯವಾಣಿ, ಸಂಖ್ಯೆ 1915.

ಎಂ.ಆರ್.ಪಿ.ಯ ಮೇಲೆ ಮತ್ತೆ ಜಿ.ಎಸ್.ಟಿ. ಹಾಕುವುದು ನ್ಯಾಯವಿರುದ್ಧ. ಅಚ್ಚಾದ ಬೆಲೆ 200 ಇದ್ದು, ತೆರಿಗೆ ಬೇರೆ ಎಂದು 236 ಕೇಳಿದರೆ ಕೊಡಬೇಡಿ. ಇನ್ನೊಂದು ಬಗೆಯ ವಂಚನೆ ಬಹಳ ಜನಕ್ಕೆ ತಿಳಿಯದು. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟಿರುವ ವರ್ತಕರಿಗೆ ಕಾಂಪೋಸಿಷನ್, ಅಂದರೆ ರಾಜಿ ತೆರಿಗೆ ಪದ್ಧತಿ ಇದೆ. ವರ್ತಕನಾದರೆ ತೆರಿಗೆ ತಗಲುವ ವಹಿವಾಟಿನ ಶೇಕಡ 1ನ್ನು, ಹೋಟಲಿನವನಾದರೆ ಶೇಕಡ 5ನ್ನು ತನ್ನ ಕೈಯಿಂದ ಕಟ್ಟಿ ಮುಗಿಸುತ್ತಾನೆ. ಇಂಥವನು ಗಿರಾಕಿಯಿಂದ ತೆರಿಗೆ ವಸೂಲು ಮಾಡಕೂಡದು. ತಾನು ಈ ಪದ್ಧತಿಯವನೆಂದು ಅಂಗಡಿಯ ಫಲಕದಲ್ಲಿ, ತೆರಿಗೆ ವಸೂಲು ಮಾಡುವ ಅಧಿಕಾರ ತನಗಿಲ್ಲವೆಂದು ಬಿಲ್ಲಿನ ನೆತ್ತಿಯ ಮೇಲೆ ಬರೆಯತಕ್ಕದ್ದು. ಹಾಗಿದ್ದೂ ಬಿಲ್ಲಿನ ಕೆಳಗೆ ಜಿ.ಎಸ್.ಟಿ. ಕೂಡಿಸಿದರೆ ಆ ಹಣ ಸರ್ಕಾರಕ್ಕಲ್ಲ, ಅವನ ಗಲ್ಲಾಕ್ಕೆ. ನೋಂದಣಿಯನ್ನೇ ಮಾಡಿಸದೆ ತೆರಿಗೆ ಕೂಡಿಸುವವನದೂ ಅದೇ ಕಥೆ. ಪರೀಕ್ಷೆ ಮಾಡುವುದು ಕಷ್ಟವಲ್ಲ. ಬಿಲ್ಲಿನ ಮೇಲೆ ಹದಿನೈದು ಅಕ್ಷರದ ನೋಂದಣಿ ಸಂಖ್ಯೆ ಇರಬೇಕು. ಕರ್ನಾಟಕದ್ದಾದರೆ 29ರಿಂದ ಆರಂಭವಾಗುತ್ತದೆ. ಆ ಸಂಖ್ಯೆಯನ್ನು ಜಿ.ಎಸ್.ಟಿ. ಜಾಲತಾಣದಲ್ಲಿ ಹಾಕಿದರೆ ವರ್ತಕನ ಹೆಸರು, ಅವನು ಸಾಮಾನ್ಯ ಪದ್ಧತಿಯವನೋ ರಾಜಿ ಪದ್ಧತಿಯವನೋ ಎಂಬುದು ಬರುತ್ತದೆ. ಫೋನು ಹಿಡಿದ ಹುಡುಗರು ಎಲ್ಲ ಮನೆಗಳಲ್ಲೂ ಇದ್ದಾರೆ. ಅವರಿಂದ ಇಷ್ಟು ಕೆಲಸ ತೆಗೆಯಬಹುದು. ನೋಂದಾಯಿತ ಅಂಗಡಿಯವನು 200 ರೂಪಾಯಿಗಿಂತ ಕಡಿಮೆ ವ್ಯಾಪಾರಕ್ಕೆ, ಗಿರಾಕಿ ಕೇಳದಿದ್ದರೆ, ಬಿಲ್ಲು ಕೊಡಬೇಕಾಗಿಲ್ಲ. ಕೇಳಿದರೆ ಕೊಡಲೇಬೇಕು.

ಹೀಗೆ ಬರೆದೆವೆಂದು ನಾವು ಸಣ್ಣ ಅಂಗಡಿಯವರ ಮೇಲೆ ಜನರನ್ನು ಎತ್ತಿಕಟ್ಟುತ್ತಿದ್ದೇವೆಂದು ಯಾರೂ ತಿಳಿಯಬಾರದು. ಅವರ ಪಾಡು 2025ರ ಜುಲೈಯಲ್ಲಿ ನಾಡಿಗೆಲ್ಲ ಗೊತ್ತಾಯಿತು. ಯು.ಪಿ.ಐ. ಮೂಲಕ ಬಂದ ಹಣದ ಅಂಕಿಗಳನ್ನು ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯವರು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆ ನಾಲ್ಕು ವರ್ಷದ ಬಾಕಿಯೆಂದು ನೋಟೀಸು ಕಳಿಸಿದರು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ನೋಟೀಸು 29 ಲಕ್ಷ ರೂಪಾಯಿನದು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವನು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಬೇಡವೆಂದು ಕಾನೂನೇ ಹೇಳುತ್ತದೆ. ಅಂಗಡಿಗಳ ಮುಂದೆ ಯು.ಪಿ.ಐ. ಇಲ್ಲ, ನಗದು ಮಾತ್ರ ಎಂಬ ಚೀಟಿಗಳು ಹತ್ತಿದವು. ಅಂಗಡಿ ಮುಚ್ಚುವ ಕರೆ ಹೊರಟ ಮೇಲೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆಸಿ ಮಾತನಾಡಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲವೆಂದರು.

ಇಲ್ಲಿಯೂ ಲೆಕ್ಕ ತಿಳಿಯದ್ದರಿಂದಲೇ ಭಯ ದೊಡ್ಡದಾಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಡ. ಅಂದರೆ ದಿನಕ್ಕೆ ಸರಾಸರಿ 10,959 ರೂಪಾಯಿ ವ್ಯಾಪಾರ. ನಮ್ಮ ಹೋಬಳಿಯ ಎಷ್ಟು ಚಿಲ್ಲರೆ ಅಂಗಡಿಗಳಲ್ಲಿ ದಿನವೂ ಅಷ್ಟು ವ್ಯಾಪಾರವಾಗುತ್ತದೆ? ಹೆಚ್ಚಿನವರು ಹೆದರಬೇಕಾಗಿಲ್ಲ. 50 ಲಕ್ಷ ಮುಟ್ಟಿದವನು ರಾಜಿ ಪದ್ಧತಿಗೆ ಸೇರಿದರೆ ಎಲ್ಲ ಸರಕೂ ತೆರಿಗೆಯದೇ ಆದರೂ ವರ್ಷಕ್ಕೆ 50,000 ರೂಪಾಯಿ. ಲಾಭದಲ್ಲಿ ಅದು ಸಣ್ಣ ತುಂಡಲ್ಲ, ಆದರೂ ನೋಟೀಸಿನ ಲಕ್ಷಗಳಲ್ಲ. ಇಷ್ಟನ್ನು ಹೋಬಳಿ ಹೋಬಳಿಗೆ ಬಂದು ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸವನ್ನು ಇಲಾಖೆಯವರು ನೋಟೀಸು ಕಳಿಸುವ ಮೊದಲೇ ಮಾಡಬೇಕಾಗಿತ್ತು.

ನಮ್ಮ ಗಡಿಯವರಿಗೆ ಮಾತ್ರ ಇರುವ ಒಂದು ಸಂಕಟವನ್ನು ಬೆಂಗಳೂರಿನ ಪತ್ರಿಕೆಗಳು ಬರೆಯುವುದಿಲ್ಲ. ತೆರಿಗೆ ತಗಲುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವನಿಗೆ ಈ 40 ಲಕ್ಷದ ರಕ್ಷಣೆಯಿಲ್ಲ. ಮೊದಲ ರೂಪಾಯಿಯಿಂದಲೇ ನೋಂದಣಿ ಆಗಬೇಕು. ರಾಜಿ ಪದ್ಧತಿಯವನಂತೂ ಹೊರ ರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ಬೆಂಗಳೂರಿನ ಅಂಗಡಿಯವನು ದೂರದ ಶಿವಮೊಗ್ಗೆಗೋ ಇನ್ನೂರು ಮೈಲಿ ದೂರದ ಊರಿಗೋ ಸರಕು ಕಳಿಸಿದರೂ ಅದು ಒಂದೇ ರಾಜ್ಯ. ಕೊಡಿಗೇನಹಳ್ಳಿಯ ಗಾಣದವನು ಜಯಮಂಗಲಿ ಹರಿದು ಹೋಗುವ ದಿಕ್ಕಿನಲ್ಲೇ ಕೆಲವು ಮೈಲಿ ಹೋಗಿ ಪರಿಗಿಯ ಅಂಗಡಿಗೆ ಹತ್ತು ಡಬ್ಬ ಕಡಲೆಕಾಯಿ ಎಣ್ಣೆ ಹಾಕಿದರೆ ಅದು ಅಂತರರಾಜ್ಯ ವ್ಯಾಪಾರ! ಹೊಳೆಗೆ ಗಡಿಯಿಲ್ಲ, ಹೆಣ್ಣು ಕೊಟ್ಟು ತರುವುದಕ್ಕೂ ಗಡಿಯಿಲ್ಲ, ಎಣ್ಣೆ ಡಬ್ಬಕ್ಕೆ ಮಾತ್ರ ಉಂಟು. 2017ರಲ್ಲಿ ಚೆಕ್‌ಪೋಸ್ಟುಗಳನ್ನು ಕಿತ್ತರು, ದೇಶವೆಲ್ಲ ಒಂದೇ ಪೇಟೆಯಾಯಿತೆಂದರು. ದೊಡ್ಡವರಿಗೆ ಆಯಿತು. ಗಡಿ ತಾಲ್ಲೂಕುಗಳ ಸಣ್ಣ ಉತ್ಪಾದಕರಿಗೂ ನೆರೆಯ ತಾಲ್ಲೂಕಿನ ಮಟ್ಟಿಗಾದರೂ ಆ 40 ಲಕ್ಷದ ಮಿತಿ ಅನ್ವಯಿಸಬೇಕೆಂದು ಪಾವಗಡ, ಮಧುಗಿರಿಯ ವರ್ತಕರು ಒಟ್ಟಾಗಿ ಕೇಳಬೇಕು.

ಕೊಳ್ಳುವವರಿಗೆ ಗಡಿ ದಾಟಿದರೂ ಜಿ.ಎಸ್.ಟಿ. ದರ ಒಂದೇ. ಹಿಂದೂಪುರದಲ್ಲಿ ಕೊಂಡು ಬಿಲ್ಲಿನಲ್ಲಿ ನಿಮ್ಮ ವಿಳಾಸ ಬರೆಸದಿದ್ದರೆ ತೆರಿಗೆಯಲ್ಲಿ ರಾಜ್ಯದ ಪಾಲು ಆಂಧ್ರಕ್ಕೆ ಹೋಗುತ್ತದೆ. ಅಲ್ಲಿಯ ನೋಂದಣಿ ಸಂಖ್ಯೆ 37ರಿಂದ ಆರಂಭವಾಗುವುದನ್ನು ನೋಡಿ ತಿಳಿಯಬಹುದು.

ರೈತನ ವಿಷಯಕ್ಕೆ ಬರೋಣ. 45 ಕಿಲೋ ಯೂರಿಯಾ ಮೂಟೆ 266 ರೂಪಾಯಿ 50 ಪೈಸೆ. 21ರಿಂದ ಭಾಗಿಸಿ, ತೆರಿಗೆ 12 ರೂಪಾಯಿ 69 ಪೈಸೆ. ಹುಳದ ಔಷಧಿಗೆ ಶೇಕಡ 18: 1,180 ರೂಪಾಯಿ ಡಬ್ಬದಲ್ಲಿ 180. ಟ್ರ್ಯಾಕ್ಟರಿಗೂ ಹನಿ ನೀರಾವರಿಯ ಸಾಮಾನಿಗೂ ದರವನ್ನು 12ರಿಂದ 5ಕ್ಕೆ ಇಳಿಸಿದ್ದು ಒಳ್ಳೆಯದೇ ಆಯಿತು; ಔಷಧಿಯನ್ನು ಯಾಕೆ ಬಿಟ್ಟರು? ಕಾರ್ಖಾನೆಯವನು ತಾನು ಕೊಂಡ ಕಚ್ಚಾ ಸಾಮಗ್ರಿಯ ತೆರಿಗೆಯನ್ನು ಮುರಿದುಕೊಳ್ಳುತ್ತಾನೆಂದು ಮೇಲೆ ಹೇಳಿದೆವಷ್ಟೆ. ಪಾವಗಡದ ಕಡಲೆಕಾಯಿ ಬೆಳೆಗಾರನಿಗೂ ಗೊಬ್ಬರ, ಔಷಧಿ, ಪೈಪು ಕಚ್ಚಾ ಸಾಮಗ್ರಿಯೇ. ಅವನು ಮುರಿದುಕೊಳ್ಳುವಂತಿಲ್ಲ. ತನ್ನ ಬೆಲೆಯನ್ನು ತಾನೇ ಗೊತ್ತು ಮಾಡಲಾರದವನು ಅದನ್ನು ಮುಂದಿನವನ ಮೇಲೆ ಹಾಕಲೂ ಆರ. ಅವನ ಹೊಲ ಕಾರ್ಖಾನೆಯಾದರೂ ಕಾನೂನಿನ ಕಣ್ಣಿಗೆ ಅವನು ಕೊನೆಯ ಗಿರಾಕಿ.

ಕೇಳಿದರೆ ಕೊಡುವುದುಂಟೆಂಬುದಕ್ಕೆ ನಮ್ಮ ಜಿಲ್ಲೆಯ ಹುಣಸೆಹಣ್ಣೇ ಸಾಕ್ಷಿ. ಜಿ.ಎಸ್.ಟಿ. ಬಂದಾಗ ಹಸಿ ಹುಣಸೆಗೆ ತೆರಿಗೆಯಿಲ್ಲ, ಒಣಗಿದ್ದಕ್ಕೆ ಶೇಕಡ 5 ಎಂದಿಟ್ಟಿದ್ದರು. ಹುಣಸೆಹಣ್ಣನ್ನು ಒಣಗಿಸದೆ ಪೇಟೆಗೆ ತರುವವರು ಯಾರು? ಕಾಗದದ ಮೇಲೆ ಕುಳಿತು ಹಣ್ಣು ಒಣಗಿಸಿದವರ ಲೆಕ್ಕ ಅದು. ತಕರಾರಿನ ಮೇಲೆ 2019ರ ಅಕ್ಟೋಬರ್ 1ರಿಂದ ಅದನ್ನು ತೆಗೆದರು.

ಪೆಟ್ರೋಲ್ ಬಂಕಿನಲ್ಲಿ ಜಿ.ಎಸ್.ಟಿ. ಇಲ್ಲ. ಮೇಲೆ ಹೇಳಿದ 1957ರ ಮಾರಾಟ ತೆರಿಗೆ ಕಾನೂನು ಅಲ್ಲಿ ಇಂದೂ ಜೀವಂತವಾಗಿದೆ. ಕೇಂದ್ರ ತನ್ನ ಅಬಕಾರಿ ಸುಂಕವನ್ನು ಬೆಲೆಗೆ ಕೂಡಿಸಿದ ಮೇಲೆ ರಾಜ್ಯ ಅದರ ಮೇಲೆ ಮಾರಾಟ ತೆರಿಗೆ ಹಾಕುತ್ತದೆ; ತೆರಿಗೆಯ ಮೇಲೆ ತೆರಿಗೆ. 2024ರ ಜೂನಿನಲ್ಲಿ ಪೆಟ್ರೋಲಿನ ಮೇಲೆ ಶೇಕಡ 25.92 ಇದ್ದದ್ದನ್ನು 29.84ಕ್ಕೆ ಏರಿಸಿದಾಗ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಿತು. ಡೀಸೆಲಿನದು 2025ರ ಏಪ್ರಿಲ್ 1ರಂದು 21.17 ಆಯಿತು. ದೆಹಲಿಯ ತೆರಿಗೆಯನ್ನು ಖಂಡಿಸುವ ರಾಜ್ಯದ ಮಂತ್ರಿಗಳು ಇದನ್ನು ಹೇಳುವಾಗ ದನಿ ತಗ್ಗಿಸುತ್ತಾರೆ. ರಾಜ್ಯದ ತೆರಿಗೆಯನ್ನು ಖಂಡಿಸುವ ದೆಹಲಿಯ ಪಕ್ಷದವರು ಅಬಕಾರಿ ಸುಂಕದ ಮಾತೆತ್ತುವುದಿಲ್ಲ. ತೋಟದ ಹೀರೆಕಾಯಿ ಮಧುಗಿರಿಗೆ ಹೋಗುವ ಲಗ್ಗೇಜು ಆಟೋದ ಬಾಡಿಗೆಯಲ್ಲಿ ಇಬ್ಬರ ಪಾಲೂ ಇದೆ.

ತೆರಿಗೆಯೇ ಬೇಡವೆಂದು ನಾವು ಹೇಳುವವರಲ್ಲ. ಶಾಲೆಗೆ ಮೇಷ್ಟರು, ಆಸ್ಪತ್ರೆಗೆ ಔಷಧಿ, ಕೆರೆಗೆ ತೂಬು ತೆರಿಗೆಯಿಲ್ಲದೆ ಆಗುವುದಿಲ್ಲ. ಉಳ್ಳವರ ವರಮಾನ ಮತ್ತು ಆಸ್ತಿಯ ಮೇಲೆ ಹೆಚ್ಚಾಗಲಿ, ಬಡವರ ಚೀಲದ ಮೇಲೆ ಕಡಿಮೆಯಾಗಲಿ ಎಂಬುದು ನಮ್ಮ ಮಾತು. ಬಟ್ಟೆ ಒಗೆಯುವ ಸೋಪು, ಪುಡಿ, ಹುಳದ ಔಷಧಿ, ಸಣ್ಣ ಮೊತ್ತದ ಫೋನ್ ರೀಚಾರ್ಜು ಶೇಕಡ 5ಕ್ಕೆ ಇಳಿಯಬೇಕು. ಬಿಲ್ಲಿನ ಕೊನೆಯ ಎರಡು ಸಾಲು ಇಂಗ್ಲಿಷಿನ ಅಕ್ಷರಗಳಲ್ಲಿ ಇರುವವರೆಗೆ ಕೊಟ್ಟವನಿಗೆ ಅದು ಓದಲಾಗದ ರಸೀತಿ. ಕೇಂದ್ರದ ತೆರಿಗೆ ಇಷ್ಟು, ರಾಜ್ಯದ ತೆರಿಗೆ ಇಷ್ಟು ಎಂದು ಕನ್ನಡದಲ್ಲಿ ಅಚ್ಚಾಗಬೇಕು. ಪೊಟ್ಟಣದ ಮೇಲೆ ಎಲ್ಲ ತೆರಿಗೆ ಸೇರಿ ಎಂದಷ್ಟೇ ಬರೆದರೆ ಸಾಲದು, ತೆರಿಗೆ ಎಷ್ಟೆಂದೂ ಬರೆಯಬೇಕು.

ಮುಂದಿನ ಗ್ರಾಮಸಭೆಗೆ ಹೋಗುವ ಮುನ್ನ ವಾಚಕರು ಒಂದು ತಿಂಗಳ ಬಿಲ್ಲುಗಳನ್ನು ದಾರಕ್ಕೆ ಪೋಣಿಸಿ ಇಟ್ಟುಕೊಳ್ಳಲಿ. ತಮ್ಮ ಮನೆಯಿಂದ ಆ ತಿಂಗಳು ಸರ್ಕಾರಕ್ಕೆ ಹೋದ ಹಣ ಇಷ್ಟೆಂದು ಸಭೆಯಲ್ಲಿ ಎದ್ದು ನಿಂತು ಓದಿ, ಆಮೇಲೆ ಕೆಟ್ಟ ಕೊಳವೆಬಾವಿಯ, ಮೇಷ್ಟರಿಲ್ಲದ ಶಾಲೆಯ ವಿಷಯ ಕೇಳಲಿ. ಬಿಲ್ಲಿಲ್ಲದ ಸಾಮಾನಿಗೆ ಪೊಟ್ಟಣದ ಮೇಲಿನ ಬೆಲೆಯನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರೆ ಸಾಕು. ಶೇಕಡ 5ರದಾದರೆ 21ರಿಂದ ಭಾಗಿಸುವುದು, 18ರದಾದರೆ 9ರಿಂದ ಗುಣಿಸಿ 59ರಿಂದ ಭಾಗಿಸುವುದು.